ಸ್ಟೇಪ್ಲರ್ ಕೈಕೊಟ್ಟಾಗ ಟೇಬಲ್ ಮೇಲೆ ಏನು ಮಾಡುತ್ತಾರೆ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ, ಊರು ಗದಗದ ಹತ್ತಿರ. ಅಪ್ಪನಿಗೆ 63 ವರ್ಷ, ಶುಗರ್ ಇದೆ. ಗುದನಾಳದ ಕ್ಯಾನ್ಸರ್ ಅಂತ ಗೊತ್ತಾಗಿ ರೇಡಿಯೇಶನ್, ಕೀಮೋ ಮುಗಿಸಿದ ಮೇಲೆ ಮುಂಬೈಯ ಒಂದು ಆಸ್ಪತ್ರೆಯಲ್ಲಿ ಕಳೆದ ವಾರ ದುರ್ಬೀನಿನ ಆಪರೇಶನ್ ಆಯಿತು. ನಾಲ್ಕು ತಾಸು ಅಂದಿದ್ದು ಏಳು ತಾಸು ಹಿಡಿಯಿತು. ಹೊರಗೆ ಬಂದ ಡಾಕ್ಟರು "ಸ್ಟೇಪ್ಲರ್ ಸರಿಯಾಗಿ ಫೈರ್ ಆಗಲಿಲ್ಲ, ರಿಂಗ್ ಪೂರ್ತಿ ಬರಲಿಲ್ಲ, ಗಾಳಿ ಟೆಸ್ಟಿನಲ್ಲಿ ಗುಳ್ಳೆ ಬಂತು, ಹೊಲಿಗೆ ಹಾಕಿ ಹೊಟ್ಟೆಗೆ ಬ್ಯಾಗ್ ಇಟ್ಟಿದ್ದೇವೆ" ಅಂದರು. ಇವತ್ತಿಗೆ ಆರನೇ ದಿನ, ಜ್ವರ ಇಲ್ಲ, ಗಂಜಿ ಕುಡಿಯುತ್ತಿದ್ದಾರೆ. ಇದು ಡಾಕ್ಟರ ತಪ್ಪೋ ಮಷಿನ್ ತಪ್ಪೋ? ಹಳೇ ಸ್ಟೇಪ್ಲರನ್ನೇ ಮತ್ತೆ ಬಳಸಿದ್ದಾರಾ? ಕೈಯಲ್ಲಿ ಹೊಲಿದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಮಾವ ಹೇಳುತ್ತಾರೆ. ಬ್ಯಾಗ್ ಜೀವನಪೂರ್ತಿನಾ? ಒಳಗಿರುವ ಪಿನ್ನುಗಳಿಂದ ಎಂಆರ್‌ಐಗೆ ತೊಂದರೆ ಇಲ್ವಾ? ಬೇರೆ ಆಸ್ಪತ್ರೆಗೆ ಸೇರಿಸಬೇಕಾ? ಊರಿಗೆ ಯಾವಾಗ ಕರೆದುಕೊಂಡು ಹೋಗಬಹುದು?

ಉತ್ತರ: ತುರ್ತಾಗಿ ಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಮಲ ತುಂಬಿಕೊಳ್ಳಲು ಹೊಟ್ಟೆಯ ಮೇಲೆ ಅಂಟಿಸಿದ ಆ ಬ್ಯಾಗ್ ಬಹುಮಟ್ಟಿಗೆ ತಾತ್ಕಾಲಿಕ. ಮತ್ತೆ ಈಗ ಅಪ್ಪನನ್ನು ಬೇರೆ ಆಸ್ಪತ್ರೆಗೆ ಸಾಗಿಸಬೇಡಿ. ಒಳಗೆ ಏನಾಯಿತು, ಯಾವ ಜಾಗದಲ್ಲಿ ಗುಳ್ಳೆ ಬಂತು, ಹೊಲಿಗೆ ಎಲ್ಲಿ ಬಿತ್ತು ಅನ್ನೋದು ಕಣ್ಣಾರೆ ನೋಡಿದವರಿಗೇ ಚೆನ್ನಾಗಿ ಗೊತ್ತು. ಮುಂದಿನ ಹತ್ತು ದಿನಗಳಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಅವರ ಕೈಯಲ್ಲೇ ಇರುವುದು ಒಳ್ಳೆಯದು. ಕಾಗದಪತ್ರ ನಾನು ನೋಡಿಲ್ಲ, ನೀವು ಬರೆದದ್ದರ ಮೇಲೆ ಹೇಳುತ್ತಿದ್ದೇನೆ, ಅಷ್ಟು ಇಟ್ಟುಕೊಂಡು ಓದಿ.

ನಿಮ್ಮ ಡಾಕ್ಟರು ಹೊರಗೆ ಬಂದು ಹೀಗೆ ಹೀಗಾಯಿತು ಅಂತ ಬಾಯಿಬಿಟ್ಟು ಹೇಳಿದರಲ್ಲ, ಅದನ್ನು ಓದಿ ನನಗೆ ಅರ್ಧ ಸಮಾಧಾನ ಆಯಿತು. ಕರುಳಿನ ತುದಿಗಳನ್ನು ಪಿನ್ ಹೊಡೆದು ಜೋಡಿಸುವ ಈ ಸ್ಟೇಪ್ಲರ್ ಕೈಕೊಟ್ಟಿದ್ದು ಆಪರೇಶನ್ ಟೇಬಲ್ ಮೇಲೇ ಗೊತ್ತಾದರೆ ಅದಕ್ಕೆ ದಾರಿ ಇದೆ, ಒಂದಲ್ಲ ನಾಲ್ಕು ದಾರಿ ಇದೆ. ಸರ್ಜನ್‌ಗಳ ನಿದ್ದೆ ಕೆಡಿಸುವುದು ಬೇರೆ ಥರದ ಕೇಸು: ಟೇಬಲ್ ಮೇಲೆ ಎಲ್ಲ ಚೆನ್ನಾಗಿ ಕಂಡು, ಎಲ್ಲರೂ ನಗುತ್ತಾ ಕಾಫಿಗೆ ಹೋಗಿ, ಐದನೇ ದಿನ ಸೋರಲು ಶುರುವಾದ ಜೋಡಣೆ. ಹಾಗಾಗಿ ಸ್ಟೇಪ್ಲರ್ ಯಾಕೆ ಕೆಟ್ಟಿತು ಅನ್ನುವುದಕ್ಕಿಂತ ಕೆಟ್ಟ ಮೇಲಿನ ಅರ್ಧ ತಾಸಿನಲ್ಲಿ ಏನು ಮಾಡಿದರು ಅನ್ನುವುದನ್ನು ಕೇಳಿ. ನಾನು ಯಾವುದೇ ಸರ್ಜನ್‌ನನ್ನು ಅಳೆಯುವುದು ಅದರ ಮೇಲೇ.

ಈಗ ಮಾವನವರ ಮಾತಿಗೆ ಬರೋಣ. ಕೈಯಲ್ಲಿ ಹೊಲಿದ ಜೋಡಣೆ, ಸ್ಟೇಪ್ಲರ್ ಜೋಡಣೆ ಎರಡನ್ನೂ ಹೋಲಿಸಿದ ಪ್ರಯೋಗಗಳು ಸಾಕಷ್ಟು ಆಗಿವೆ. ಸೋರಿಕೆಯಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಸ್ಟೇಪ್ಲರ್‌ನಲ್ಲಿ ಸಮಯ ಉಳಿಯುತ್ತದೆ, ಆದರೆ ಮುಂದೆ ಜೋಡಣೆಯ ಜಾಗ ಕಿರಿದಾಗುವುದು ಸ್ವಲ್ಪ ಜಾಸ್ತಿ. ಅಷ್ಟೇ. ಇನ್ನೊಂದು ವಿಷಯ, ನಿಮ್ಮ ಅಪ್ಪನ ಗೆಡ್ಡೆ ಇದ್ದ ಜಾಗದಲ್ಲಿ ಕೈ ಹೊಲಿಗೆ ಹಾಕುವುದು ಮಾತಾಡಿದಷ್ಟು ಸುಲಭ ಅಲ್ಲ. 1908ರಲ್ಲಿ ಲಂಡನ್ನಿನ ಮೈಲ್ಸ್ ಗುದನಾಳದ ಕ್ಯಾನ್ಸರಿಗೆ ಗುದದ್ವಾರವನ್ನೂ ಸೇರಿಸಿ ತೆಗೆದು ಹೊಟ್ಟೆಯ ಮೇಲೆ ಕಾಯಂ ಬ್ಯಾಗ್ ಇಡುವ ಆಪರೇಶನ್ನನ್ನು ವಿವರಿಸಿದರು. ಆಮೇಲೆ ದಶಕಗಟ್ಟಲೆ ಕೆಳಗಿನ ಗೆಡ್ಡೆ ಅಂದರೆ ಕಾಯಂ ಬ್ಯಾಗ್ ಅಂತಲೇ ಲೆಕ್ಕ. ತಮಾಷೆ ನೋಡಿ, ಅದೇ 1908ರಲ್ಲಿ ಬುಡಾಪೆಸ್ಟಿನಲ್ಲಿ ಹುಲ್ಟ್ಲ್ ಅನ್ನುವ ಸರ್ಜನ್ ಮೊದಲ ಸ್ಟೇಪ್ಲರನ್ನು ಹೊಟ್ಟೆಯ ಆಪರೇಶನ್ನಿಗೆ ಬಳಸಿದರು. ಮೂರೂವರೆ ಕಿಲೋಗಿಂತ ಜಾಸ್ತಿ ತೂಕ, ಜೋಡಿಸಿ ಸಜ್ಜು ಮಾಡಲು ಎರಡು ತಾಸು! ಆಮೇಲೆ 1950ರ ದಶಕದಲ್ಲಿ ಸೋವಿಯತ್ ಎಂಜಿನಿಯರುಗಳು ಅದನ್ನು ಪಳಗಿಸಿದರು, 1958ರಲ್ಲಿ ಅಮೆರಿಕದ ರಾವಿಚ್ ಅಲ್ಲಿಗೆ ಹೋದಾಗ ನೋಡಿ ಒಂದನ್ನು ಮನೆಗೆ ತಂದರು, 1980ರಲ್ಲಿ ನೈಟ್ ಮತ್ತು ಗ್ರಿಫನ್ ಎರಡು ಸ್ಟೇಪ್ಲರ್ ಬಳಸಿ ಕೆಳಗಿನ ಗುದನಾಳವನ್ನು ಜೋಡಿಸುವ ವಿಧಾನ ಬರೆದರು. ನಿಮ್ಮ ಅಪ್ಪನಿಗೆ ಮಾಡಿದ್ದು ಹೆಚ್ಚುಕಮ್ಮಿ ಅದೇ. ಆ ಸಾಧನ ಇಲ್ಲದಿದ್ದರೆ ನಿಮ್ಮ ಪ್ರಶ್ನೆ "ಬ್ಯಾಗ್ ಜೀವನಪೂರ್ತಿನಾ" ಅಂತ ಇರುತ್ತಿರಲಿಲ್ಲ, ಅದಕ್ಕೆ ಉತ್ತರ ಮೊದಲೇ ಗೊತ್ತಿರುತ್ತಿತ್ತು.

ಎರಡು ಸ್ಟೇಪ್ಲರ್ ಅಂದೆ. ಒಂದು ಉದ್ದದ್ದು, ಒಂದು ಗುಂಡನೆಯದು. ಉದ್ದದ್ದು ಗೆಡ್ಡೆಯ ಕೆಳಗೆ ಗುದನಾಳವನ್ನು ಅಡ್ಡಲಾಗಿ ಕಚ್ಚಿ, ಎರಡೂ ಬದಿಗೆ ಪಿನ್ನಿನ ಸಾಲು ಹಾಕಿ, ನಡುವೆ ಕತ್ತರಿಸುತ್ತದೆ. ಪಿನ್ನುಗಳು ಕೂದಲಿಗಿಂತ ದಪ್ಪದ ಟೈಟಾನಿಯಂ ತಂತಿ. ಮುಚ್ಚಿಕೊಂಡಾಗ ಇಂಗ್ಲಿಷಿನ ಬಿ ಅಕ್ಷರದ ಆಕಾರಕ್ಕೆ ಬರಬೇಕು. ಆ ಎರಡು ಹೊಟ್ಟೆಗಳ ಮಧ್ಯೆ ಸಣ್ಣ ರಕ್ತನಾಳಗಳು ಹಾದುಹೋಗಲು ಜಾಗ ಸಿಗುತ್ತದೆ, ಅಂಚು ಬದುಕಿರುತ್ತದೆ. ಮಾಂಸ ಎಷ್ಟು ದಪ್ಪ ಅನ್ನುವುದರ ಮೇಲೆ ಪಿನ್ನಿನ ಎತ್ತರ ಆರಿಸಬೇಕು, ಪಿನ್ ತುಂಬಿದ ಕಾರ್ಟ್ರಿಜ್‌ಗೆ ಅದಕ್ಕೇ ಬಣ್ಣ ಕೊಟ್ಟಿರುತ್ತಾರೆ: ತೆಳುವಿಗೆ ಬಿಳಿ, ಸಾಧಾರಣಕ್ಕೆ ನೀಲಿ, ದಪ್ಪಕ್ಕೆ ಹಸಿರು. ಕೆಲವು ಕಂಪನಿಗಳ ಬಣ್ಣ ಬೇರೆ. ದಪ್ಪ ಮಾಂಸಕ್ಕೆ ಗಿಡ್ಡ ಪಿನ್ ಹಾಕಿದರೆ ಅದು ಆಚೆ ಬದಿ ಮುಟ್ಟಿ ಮಡಚಿಕೊಳ್ಳುವುದಿಲ್ಲ. ತೆಳು ಮಾಂಸಕ್ಕೆ ಉದ್ದ ಪಿನ್ ಹಾಕಿದರೆ ಸಡಿಲ, ರಕ್ತ ಒಸರುತ್ತದೆ. ರೇಡಿಯೇಶನ್ ಆದ ಗುದನಾಳ ಊದಿಕೊಂಡು ಗಡುಸಾಗಿರುತ್ತದೆ. ಒಂದೇ ಗುದನಾಳದಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಇಲ್ಲೇ ಅರ್ಧ ತಾಪತ್ರಯ ಶುರು.

ಉಳಿದರ್ಧ ತಾಪತ್ರಯ ಜಾಗದ್ದು. ಗಂಡಸರ ಕಟಿ, ಅಂದರೆ ಸೊಂಟದ ಮೂಳೆಗಳ ನಡುವಿನ ಪೊಳ್ಳು, ಕಿರಿದು, ಆಳ ಜಾಸ್ತಿ. ಹೊಟ್ಟೆಯ ಮೇಲಿನ ಸಣ್ಣ ರಂಧ್ರದಿಂದ ಒಳಹೋದ ಸ್ಟೇಪ್ಲರ್ ಮೂತಿ ಬಗ್ಗಿಸಿದರೂ ಗುದನಾಳಕ್ಕೆ ನೇರ ಅಡ್ಡ ಬೀಳುವುದಿಲ್ಲ, ಓರೆಯಾಗಿ ಬೀಳುತ್ತದೆ. ಒಂದು ಫೈರ್‌ನಲ್ಲಿ ಮುಗಿಯಬೇಕಾದ್ದು ಎರಡಾಗುತ್ತದೆ, ಮೂರಾಗುತ್ತದೆ. ಪ್ರತಿ ಫೈರ್‌ಗೂ ಒಂದು ಸಾಲು ಇನ್ನೊಂದನ್ನು ದಾಟುತ್ತದೆ, ಆ ಕೂಡುವ ಜಾಗ ಬಲಹೀನ. ಮೂರು ಅಥವಾ ಅದಕ್ಕಿಂತ ಜಾಸ್ತಿ ಫೈರ್ ಆದವರಲ್ಲಿ ಸೋರಿಕೆ ಜಾಸ್ತಿ ಅಂತ ಬೇರೆ ಬೇರೆ ಕಡೆಯ ವರದಿಗಳು ಹೇಳುತ್ತವೆ. ನಿಮ್ಮ ಡಿಸ್ಚಾರ್ಜ್ ಕಾಗದದಲ್ಲೋ ಆಪರೇಶನ್ ನೋಟ್‌ನಲ್ಲೋ ಎಷ್ಟು ಫೈರ್ ಅಂತ ಬರೆದಿರುತ್ತದೆ, ನೋಡಿ.

ಗುಂಡನೆಯ ಸ್ಟೇಪ್ಲರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಿಮ್ಮ ಅಪ್ಪನ ಕಥೆ ನಡೆದದ್ದು ಅಲ್ಲಿ. ಮೇಲಿನಿಂದ ಇಳಿಸಿದ ದೊಡ್ಡ ಕರುಳಿನ ತುದಿಯೊಳಗೆ ಅದರ ಟೋಪಿಯನ್ನು ಕೂರಿಸಿ, ಸುತ್ತ ದಾರ ಹಾಕಿ ಬಿಗಿಯುತ್ತಾರೆ. ಉಳಿದ ಗನ್ನು ಗುದದ್ವಾರದಿಂದ ಒಳಗೆ ಬರುತ್ತದೆ. ಅದರ ಮೂತಿ 28, 29 ಅಥವಾ 31 ಮಿಲಿಮೀಟರ್ ಅಗಲ. ಗುಬುಟು ತಿರುಗಿಸಿದರೆ ಮೂತಿಯಿಂದ ಒಂದು ಮೊಳೆ ಹೊರಬಂದು ಗುದನಾಳದ ಮುಚ್ಚಿದ ತುದಿಯನ್ನು ಚುಚ್ಚಿ ಮೇಲೇಳುತ್ತದೆ. ಮೇಲಿನ ಸರ್ಜನ್ ಟೋಪಿಯನ್ನು ಆ ಮೊಳೆಗೆ ಸಿಕ್ಕಿಸುತ್ತಾರೆ, ಟಕ್ ಅಂತ ಕೂರಬೇಕು. ಕೂರದಿದ್ದರೆ ಮುಂದೆ ಹೋಗುವ ಹಾಗಿಲ್ಲ. ಆಮೇಲೆ ಗುಬುಟನ್ನು ಉಲ್ಟಾ ತಿರುಗಿಸುತ್ತಾ ಎರಡೂ ತುದಿಗಳನ್ನು ಹತ್ತಿರ ತರುವುದು. ಈ ಹೊತ್ತಿನಲ್ಲಿ ಥಿಯೇಟರಿನಲ್ಲಿ ಯಾರೂ ಮಾತಾಡುವುದಿಲ್ಲ. ಕೆಳಗಿರುವವರು ಗನ್ ಹಿಡಿದಿರುತ್ತಾರೆ, ಮೇಲಿರುವವರು ಪರದೆಯಲ್ಲಿ ನೋಡುತ್ತಾ ಕರುಳು ತಿರುಚಿಕೊಂಡಿಲ್ಲ ತಾನೇ, ಮಧ್ಯೆ ಕೊಬ್ಬು ಸಿಕ್ಕಿಲ್ಲ ತಾನೇ, ಪಕ್ಕದ ಗೋಡೆ ಎಳೆದುಕೊಂಡಿಲ್ಲ ತಾನೇ ಅಂತ ಒಂದೊಂದಾಗಿ ಪರೀಕ್ಷಿಸುತ್ತಾರೆ. ಹೆಂಗಸರಲ್ಲಿ ಯೋನಿಯ ಹಿಂಗೋಡೆ ನಡುವೆ ಸಿಕ್ಕಿಬಿಟ್ಟರೆ ಆಮೇಲೆ ಮಲ ಆ ದಾರಿಯಲ್ಲಿ ಬರುವ ದೊಡ್ಡ ಗೋಳು, ಅದಕ್ಕೇ ಬಿಗಿ ಮಾಡುವ ಮೊದಲು ಬೆರಳು ಹಾಕಿ ಖಾತ್ರಿ ಮಾಡಿಕೊಳ್ಳಬೇಕು. ಹಿಡಿಯ ಮೇಲಿನ ಸಣ್ಣ ಕಿಟಕಿಯಲ್ಲಿ ಗುರುತು ಹಸಿರು ಪಟ್ಟಿಗೆ ಬಂದ ಮೇಲೆ ತಕ್ಷಣ ಫೈರ್ ಮಾಡಬಾರದು, ಕನಿಷ್ಠ ಹದಿನೈದು ಸೆಕೆಂಡ್ ಸುಮ್ನೆ ಕಾಯಬೇಕು. ಒತ್ತಿದ ಮಾಂಸದಿಂದ ನೀರು ಹಿಂದೆ ಸರಿದು ಅದು ತೆಳ್ಳಗಾಗುತ್ತದೆ. ಆತುರದಲ್ಲಿ ಈ ಹದಿನೈದು ಸೆಕೆಂಡ್ ನುಂಗಿಬಿಡುವವರನ್ನು ನೋಡಿದ್ದೇನೆ, ನನಗೆ ಸಿಟ್ಟು ಬರುತ್ತದೆ. ಆಮೇಲೆ ಹಿಡಿಯನ್ನು ಕೊನೆಮುಟ್ಟ ಒತ್ತುವುದು. ಅರ್ಧ ಒತ್ತಿ ಬಿಟ್ಟರೆ ಪಿನ್ ಅರ್ಧ ಮಡಚಿರುತ್ತದೆ, ಚಾಕು ಅರ್ಧ ಕತ್ತರಿಸಿರುತ್ತದೆ. ಪೂರ್ತಿ ಒತ್ತಿದಾಗ ಒಳಗಿನ ಪ್ಲಾಸ್ಟಿಕ್ ಬಿಲ್ಲೆ ಕರಕ್ ಅಂತ ತುಂಡಾಗುವುದು ಕೈಗೆ ತಿಳಿಯುತ್ತದೆ.

ಅಲ್ಲಿಂದ ಹೊರಬರುವುದೂ ಒಂದು ಕಲೆ. ಕಂಪನಿ ಹೇಳಿದಷ್ಟು ಸುತ್ತು ಸಡಿಲಿಸಿ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ, ಎಳೆಯದೆ ಜಾರಿಸಿ ತೆಗೆಯಬೇಕು. ಗನ್ ಸಿಕ್ಕಿಹಾಕಿಕೊಂಡರೆ ಬಲ ಹಾಕಿ ಎಳೆದರೋ, ಹೊಸ ಜೋಡಣೆಯೇ ಕಿತ್ತು ಬರುತ್ತದೆ. ಇಂಥ ಹೊತ್ತಿನಲ್ಲಿ ಮಾಡುವುದು ಇಷ್ಟು: ಇನ್ನೊಂದು ಅರ್ಧ ಸುತ್ತು ಸಡಿಲಿಸು, ಮತ್ತೆ ತಿರುಗಿಸು, ಮೇಲಿಂದ ಕ್ಯಾಮೆರಾದಲ್ಲಿ ನೋಡುತ್ತಾ ಕರುಳಿಗೆ ಆಸರೆ ಕೊಡು. ಅಷ್ಟಕ್ಕೂ ಬರದಿದ್ದರೆ ಚಾಕು ಪೂರ್ತಿ ಕತ್ತರಿಸಿಲ್ಲ ಅಂತ ಅರ್ಥ. ಎಲ್ಲೋ ಒಂದು ಎಳೆ ಮಾಂಸ ಹಿಡಿದುಕೊಂಡಿರುತ್ತದೆ, ಅದನ್ನು ಕಂಡುಹಿಡಿದು ಕತ್ತರಿಯಲ್ಲಿ ಬಿಡಿಸಬೇಕು, ಆಮೇಲೆ ಆ ಜಾಗ ನೋಡಿ ಹೊಲಿಗೆ ಬೇಕಾ ಅಂತ ತೀರ್ಮಾನಿಸಬೇಕು.

ಗನ್ ಹೊರಬಂದ ಕೂಡಲೇ ಅದರ ಟೋಪಿ ಬಿಚ್ಚಿದರೆ ಒಳಗೆ ಎರಡು ಉಂಗುರ ಇರುತ್ತವೆ, ಮೇಲಿನ ಕರುಳಿನದೊಂದು, ಕೆಳಗಿನದೊಂದು. ನಾವು ಅದನ್ನು ಡೋನಟ್ ಅನ್ನುತ್ತೇವೆ. ನಿಮ್ಮ ಡಾಕ್ಟರು ರಿಂಗ್ ಅಂದದ್ದು ಇದನ್ನೇ. ಅದನ್ನು ಬಟ್ಟೆಯ ಮೇಲಿಟ್ಟು ಬೆರಳಲ್ಲಿ ಬಿಡಿಸಿ ಸುತ್ತಲೂ ನೋಡುತ್ತಾರೆ, ಎಲ್ಲೂ ತುಂಡಾಗಿರಬಾರದು, ಪೂರ್ತಿ ದಪ್ಪ ಇರಬೇಕು. ಒಂದು ಕಡೆ ಬಾಯಿಬಿಟ್ಟಿದ್ದರೆ ಆ ಜಾಗದಲ್ಲಿ ಜೋಡಣೆ ಪೂರ್ತಿ ಆಗಿಲ್ಲದಿರಬಹುದು. ಪೂರ್ತಿ ಇದ್ದರೂ ಗ್ಯಾರಂಟಿ ಅಲ್ಲ, ಅದಕ್ಕೇ ಗಾಳಿ ಟೆಸ್ಟ್. ಕಟಿಯೊಳಗೆ ಸಲೈನ್ ತುಂಬಿ, ಮೇಲಿನ ಕರುಳನ್ನು ಮೆಲ್ಲಗೆ ಒತ್ತಿಹಿಡಿದು, ಕೆಳಗಿಂದ ಗಾಳಿ ಊದುವುದು, ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದುತ್ತಾನಲ್ಲ, ಹಾಗೆ. ಗುಳ್ಳೆ ಬಂದ ಜಾಗ ತೂತಿನ ಜಾಗ.

ಈ ಟೆಸ್ಟ್ ಮಾಡಿದ್ದಕ್ಕೆ ನಿಮ್ಮ ಡಾಕ್ಟರಿಗೆ ಒಂದು ಅಂಕ ಕೊಡಿ, ಯಾಕೆಂದರೆ ಎಲ್ಲರೂ ಮಾಡುವುದಿಲ್ಲ. 2009ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನದ ಅಂಕಿ ನನಗೆ ಇಷ್ಟ: ಗುಳ್ಳೆ ಬರದವರಲ್ಲಿ ಆಮೇಲೆ ಸೋರಿದ್ದು ಶೇ. 3.8, ಗುಳ್ಳೆ ಬಂದವರಲ್ಲಿ ಶೇ. 7.7, ಟೆಸ್ಟೇ ಮಾಡದವರಲ್ಲಿ ಶೇ. 8.1. ಅಂದರೆ ಟೆಸ್ಟ್ ಮಾಡಿ ಗುಳ್ಳೆ ಕಂಡವರೂ ಟೆಸ್ಟ್ ಮಾಡದವರೂ ಒಂದೇ ದೋಣಿಯಲ್ಲಿ. ಇನ್ನೂ ಮುಖ್ಯವಾದ್ದು ಗುಳ್ಳೆ ಕಂಡ ಮೇಲೆ ಮಾಡಿದ್ದರ ಲೆಕ್ಕ. ಬರೀ ಹೊಲಿಗೆ ಹಾಕಿ ಬಿಟ್ಟವರಲ್ಲಿ ಶೇ. 12.2 ಸೋರಿತು; ಬ್ಯಾಗ್ ಇಟ್ಟವರಲ್ಲಿ, ಜೋಡಣೆ ಬಿಚ್ಚಿ ಮತ್ತೆ ಮಾಡಿದವರಲ್ಲಿ ಒಂದೂ ಇಲ್ಲ. ಆ ಗುಂಪುಗಳಲ್ಲಿ ಜನ ಕಮ್ಮಿ, ಸೊನ್ನೆಯನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಆದರೂ ಹೊಲಿಗೆ ಹಾಕಿ ಸುಮ್ಮನಿರದೆ ಬ್ಯಾಗೂ ಇಟ್ಟರಲ್ಲ, ಅಷ್ಟು ಕೆಳಗಿನ, ರೇಡಿಯೇಶನ್ ಆದ, ಶುಗರ್ ಇರುವ ಮನುಷ್ಯನಿಗೆ ನಾನಾದರೂ ಅದನ್ನೇ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ಸ್ಟೇಪ್ಲರ್ ಸರಿಯಾಗಿ ಫೈರ್ ಆಗಿದ್ದರೂ ಇಂಥವರಿಗೆ ಬ್ಯಾಗ್ ಇಡುವವರೇ ಜಾಸ್ತಿ.

ಇದಕ್ಕಿಂತ ಕೆಟ್ಟದ್ದೂ ಆಗುತ್ತದೆ, ತಿಳಿದಿರಲಿ. ಉದ್ದದ ಸ್ಟೇಪ್ಲರ್ ಫೈರ್ ಮಾಡಿದಾಗ ಅರ್ಧಕ್ಕೆ ನಿಂತುಬಿಡಬಹುದು. ಯಾಕೆ ಅಂದರೆ ಮಾಂಸ ದಪ್ಪ, ಇಲ್ಲವೇ ಹಿಂದೆ ರಕ್ತನಾಳಕ್ಕೆ ಹಾಕಿದ ಲೋಹದ ಕ್ಲಿಪ್ ಒಂದು ದವಡೆಗೆ ಸಿಕ್ಕಿರುತ್ತದೆ, ಚಾಕು ಅದಕ್ಕೆ ಬಡಿದು ನಿಲ್ಲುತ್ತದೆ. ದವಡೆ ತೆರೆಯದೇ ಕೂತರೆ ಕೈಯಲ್ಲೇ ಚಾಕು ಹಿಂದೆ ತರುವ ವ್ಯವಸ್ಥೆ ಸಾಧನದಲ್ಲಿರುತ್ತದೆ. ಅದು ಎಲ್ಲಿದೆ ಅಂತ ಪ್ಯಾಕೆಟ್ ಒಡೆಯುವ ಮೊದಲೇ ಸರ್ಜನ್‌ಗೂ ನರ್ಸ್‌ಗೂ ಗೊತ್ತಿರಬೇಕು, ಆ ಹೊತ್ತಿನಲ್ಲಿ ಚೀಟಿ ಓದುತ್ತಾ ಕೂರುವುದಲ್ಲ. ಬಿಡಿಸಿದ ಮೇಲೆ ಕೆಳಗೆ ಇನ್ನೂ ಜಾಗ ಇದ್ದರೆ ಇನ್ನೊಂದು ಸಲ ಕೆಳಗಿಂದ ಕಚ್ಚಿಸಬಹುದು. ಜಾಗ ಇಲ್ಲದಿದ್ದರೆ ಮೇಲಿಂದ ಹೆಣಗಾಡುವುದು ದಂಡ, ಗುದದ್ವಾರದ ಕಡೆಯಿಂದ ಹೋಗಬೇಕು. ತೆರೆದ ತುದಿಗೆ ಕೆಳಗಿಂದ ಸುತ್ತ ದಾರ ಹಾಕಿ ಬಿಗಿದು ಮತ್ತೆ ಗುಂಡನೆಯ ಸ್ಟೇಪ್ಲರ್ ಬಳಸುವುದು, ಅಥವಾ ದೊಡ್ಡ ಕರುಳನ್ನು ಗುದದ್ವಾರದವರೆಗೆ ಇಳಿಸಿ ಅಲ್ಲಿ ಕೈಯಲ್ಲೇ ಹೊಲಿಯುವುದು. ಮಾವನವರು ಹೇಳಿದ ಕೈಹೊಲಿಗೆ ಆಗ ಆಪದ್ಬಾಂಧವ. ಕೆಳಗಿನ ಗುದನಾಳದ ಕೆಲಸಕ್ಕೆ ಕೈ ಹಾಕುವ ಸರ್ಜನ್‌ಗೆ ಈ ಹೊಲಿಗೆ ಬರಲೇಬೇಕು ಅನ್ನುವುದು ನನ್ನ ಹಟ. ಬರೀ ಸ್ಟೇಪ್ಲರ್ ನಂಬಿ ಬೆಳೆದ ಹುಡುಗರಿಗೆ ನಾನಿದನ್ನು ಹೇಳಿ ಹೇಳಿ ಅವರಿಗೆ ಬೇಜಾರಾಗಿದೆ.

ಗುಂಡನೆಯ ಸ್ಟೇಪ್ಲರ್‌ನದು ಅತಿ ಕೆಟ್ಟ ರೂಪ ಅಂದರೆ ಚಾಕು ಕತ್ತರಿಸಿತು, ಪಿನ್ ಕೂರಲಿಲ್ಲ. ಎರಡೂ ಬಾಯಿ ತೆರೆದುಕೊಂಡಿರುತ್ತವೆ. ಆಗ ಸಣ್ಣಪುಟ್ಟ ಹೊಲಿಗೆಯ ತೇಪೆ ನಡೆಯುವುದಿಲ್ಲ. ಮೇಲಿನ ಕರುಳಿನ ಅಂಚು ಹಸನು ಮಾಡಿ ಹೊಸ ಟೋಪಿ, ಕೆಳಗೆ ಹೊಸ ದಾರ, ಹೊಸ ಗನ್. ಕರುಳು ಈಗ ಒಂದೆರಡು ಸೆಂಟಿಮೀಟರ್ ಗಿಡ್ಡ, ಎಳೆದು ಕಟ್ಟಿದರೆ ಖಂಡಿತ ಸೋರುತ್ತದೆ, ಹಾಗಾಗಿ ಎಡಗಡೆ ಗುಲ್ಮದ ಹತ್ತಿರದ ತಿರುವನ್ನು ಬಿಡಿಸಿ ಕರುಳನ್ನು ಇನ್ನಷ್ಟು ಕೆಳಗಿಳಿಸಬೇಕಾಗಬಹುದು. ರಕ್ತ ಚೆನ್ನಾಗಿ ಬರುತ್ತಿದೆಯಾ ಅಂತ ನೋಡಬೇಕು, ಈಗ ಕೆಲವು ಕಡೆ ಹಸಿರು ಡೈ ಕೊಟ್ಟು ಕ್ಯಾಮೆರಾದಲ್ಲಿ ನೋಡುತ್ತಾರೆ. ನಾಲ್ಕು ತಾಸು ಅಂದಿದ್ದು ಏಳು ತಾಸು ಹಿಡಿಯಿತು ಅಂದಿರಲ್ಲ, ಹೊತ್ತು ಇಂಥದ್ದಕ್ಕೇ ಹೋಗುತ್ತದೆ. ಯಾವುದೂ ಸಾಧ್ಯವಾಗದಿದ್ದರೆ, ರೋಗಿಯ ಬಿಪಿ ಬೀಳುತ್ತಿದ್ದರೆ, ಕೆಳಗಿನ ತುದಿ ಮುಚ್ಚಿ ಮೇಲಿನದನ್ನು ಹೊಟ್ಟೆಗೆ ತಂದು ಇಟ್ಟುಬಿಡುವುದು. ಅದು ಸೋಲಲ್ಲ, ಕೆಲವು ಸಲ ಅದೇ ಜಾಣತನ. ಪಿನ್ ಸಾಲಿನಿಂದ ರಕ್ತ ಬಂದರೆ? ಬಹುತೇಕ ತಾನಾಗಿ ನಿಲ್ಲುತ್ತದೆ, ನಿಲ್ಲದಿದ್ದರೆ ಕೆಳಗಿಂದ ಕ್ಲಿಪ್ಪೋ ಹೊಲಿಗೆಯೋ ಹಾಕುತ್ತಾರೆ.

ಈಗ ತಪ್ಪು ಯಾರದ್ದು. ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2019ರಲ್ಲಿ ವೈದ್ಯರಿಗೆ ಒಂದು ಪತ್ರ ಬರೆಯಿತು: 2011ರಿಂದ 2018ರ ಮಾರ್ಚ್‌ವರೆಗೆ ಒಳಗೆ ಬಳಸುವ ಸ್ಟೇಪ್ಲರ್‌ಗಳ ಬಗ್ಗೆ 41,000ಕ್ಕೂ ಜಾಸ್ತಿ ದೂರು, ಅದರಲ್ಲಿ 366 ಸಾವು, 9,000ಕ್ಕೂ ಜಾಸ್ತಿ ಗಂಭೀರ ಗಾಯ, 32,000ಕ್ಕೂ ಮೇಲೆ ಸಾಧನ ಕೆಟ್ಟದ್ದು. ಎಷ್ಟು ಲಕ್ಷ ಆಪರೇಶನ್‌ಗಳಲ್ಲಿ ಅಂತ ಆ ದೂರುಗಳಿಂದ ತಿಳಿಯುವುದಿಲ್ಲ, ಎಲ್ಲಕ್ಕೂ ಸ್ಟೇಪ್ಲರೇ ಕಾರಣ ಅಂತಲೂ ಅಲ್ಲ. 2021ರಲ್ಲಿ ಅವುಗಳ ಮೇಲಿನ ನಿಯಮ ಬಿಗಿ ಮಾಡಿದರು. ಇದನ್ನು ಯಾಕೆ ಹೇಳಿದೆ ಅಂದರೆ ಹೊಸ, ಒಳ್ಳೆ ಕಂಪನಿಯ, ಆಗಷ್ಟೇ ಪ್ಯಾಕೆಟ್ ಒಡೆದ ಸ್ಟೇಪ್ಲರೂ ಕೈಕೊಡುತ್ತದೆ. ತಪ್ಪು ಕಾರ್ಟ್ರಿಜ್ ಆರಿಸಿದರೆ, ಪೂರ್ತಿ ಒತ್ತದಿದ್ದರೆ ಅದು ಕೈಯ ತಪ್ಪು. ಎಷ್ಟೋ ಸಲ ಎರಡನ್ನೂ ಬಿಡಿಸಿ ಹೇಳಲು ಬರುವುದಿಲ್ಲ.

ಹಳೇದನ್ನು ಮತ್ತೆ ಬಳಸಿದ್ದಾರಾ ಅನ್ನುವ ನಿಮ್ಮ ಅನುಮಾನ ಸುಳ್ಳು ಅಂತ ನಾನು ಇಲ್ಲಿ ಕೂತು ಹೇಳಲಾರೆ, ನಿಜ ಅಂತಲೂ ಹೇಳಲಾರೆ. ಆದರೆ ಪತ್ತೆ ಮಾಡಲು ದಾರಿ ಇದೆ. ಗುಂಡನೆಯ ಸ್ಟೇಪ್ಲರ್ ಒಬ್ಬರಿಗೆ ಒಂದೇ ಸಲ ಬಳಸಲು ಮಾಡಿದ್ದು. ಉದ್ದದ್ದರ ಹಿಡಿಯಲ್ಲಿ ಒಬ್ಬರಿಗೇ ಹಲವು ಕಾರ್ಟ್ರಿಜ್ ಹಾಕಬಹುದು, ಇನ್ನೊಬ್ಬರಿಗೆ ಹೋಗುವಂತಿಲ್ಲ. ಪ್ಯಾಕೆಟ್ ಮೇಲೆ ಲಾಟ್ ನಂಬರಿನ ಸ್ಟಿಕರ್ ಇರುತ್ತದೆ. ಒಳ್ಳೆಯ ಥಿಯೇಟರಿನಲ್ಲಿ ಅದನ್ನು ಕಿತ್ತು ಕೇಸ್ ಪೇಪರಿಗೆ ಅಂಟಿಸುತ್ತಾರೆ. ನಿಮ್ಮ ಬಿಲ್ಲಿನಲ್ಲಿ ಹತ್ತಾರು ಸಾವಿರ ರೂಪಾಯಿ ಸ್ಟೇಪ್ಲರ್ ಲೆಕ್ಕಕ್ಕೆ ಹೋಗಿರುತ್ತದೆ, ಆ ಸ್ಟಿಕರ್ ಕೇಳುವುದು ನಿಮ್ಮ ಹಕ್ಕು. ದಾಖಲೆ ಬೇಕು ಅಂತ ಬರೆದು ಕೊಟ್ಟರೆ 72 ತಾಸಿನೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲೇ ಇದೆ. ಸಾಧನವೇ ಕೆಟ್ಟಿದ್ದರೆ ಅದನ್ನು ಎಸೆಯದೆ ಇಟ್ಟು ವರದಿ ಮಾಡಬೇಕು. ನಮ್ಮಲ್ಲೂ 2015ರಿಂದ ಇಂಥ ಸಾಧನಗಳ ದೂರು ದಾಖಲಿಸಲು ಮೆಟೀರಿಯೋವಿಜಿಲೆನ್ಸ್ ಅಂತ ಒಂದು ಕಾರ್ಯಕ್ರಮ ಇದೆ, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನೋಡಿಕೊಳ್ಳುತ್ತದೆ. ವರದಿ ಮಾಡಿದಿರಾ ಅಂತ ಡಾಕ್ಟರನ್ನು ಕೇಳಿ. ಜಗಳದ ದನಿಯಲ್ಲಿ ಅಲ್ಲ, ಸುಮ್ನೆ ಕೇಳಿ. ರೌಂಡ್ಸ್ ಮುಗಿದ ಮೇಲೆ ಕೇಳಿದರೆ ಉತ್ತರ ನೆಟ್ಟಗೆ ಸಿಗುತ್ತದೆ.

ಅದರ ಜೊತೆಗೇ ಇನ್ನೂ ಎರಡು ಕೇಳಿ, ಇವು ಹೆಚ್ಚು ಉಪಯೋಗದ್ದು. ಹೊಲಿಗೆ ಹಾಕಿದ ಮೇಲೆ ಗಾಳಿ ಟೆಸ್ಟ್ ಮತ್ತೆ ಮಾಡಿದರಾ, ಆಗ ಗುಳ್ಳೆ ನಿಂತಿತ್ತಾ? ಕೆಳಗಿನ ಡೋನಟ್ ಪೆಥಾಲಜಿಗೆ ಕಳಿಸಿದ್ದಾರಾ? ಅದು ಗೆಡ್ಡೆಯ ಕೆಳಗಡೆ ಕತ್ತರಿಸಿದ ಕೊನೆಯ ಅಂಚು, ಅಲ್ಲಿ ಕ್ಯಾನ್ಸರ್ ಉಳಿದಿಲ್ಲ ತಾನೇ ಅಂತ ನೋಡಬೇಕು.

ಬ್ಯಾಗ್ ವಿಷಯ. ಅದು ಸಣ್ಣ ಕರುಳಿನ ಒಂದು ಕುಣಿಕೆಯನ್ನು ಹೊರಗೆ ತಂದದ್ದು ಇರಬೇಕು. ಮಲ ಅಲ್ಲೇ ಹೊರಹೋಗುವುದರಿಂದ ಕೆಳಗಿನ ಜೋಡಣೆಯ ಮೇಲೆ ಏನೂ ಹಾಯುವುದಿಲ್ಲ. 2007ರಲ್ಲಿ ಸ್ವೀಡನ್ನಿನ ಒಂದು ಪ್ರಯೋಗ ಬಂತು, 234 ಜನ. ಬ್ಯಾಗ್ ಇದ್ದವರಲ್ಲಿ ಲಕ್ಷಣ ತೋರಿಸಿದ ಸೋರಿಕೆ ಶೇ. 10.3, ಇಲ್ಲದವರಲ್ಲಿ ಶೇ. 28. ಸಾಮಾನ್ಯವಾಗಿ 8ರಿಂದ 12 ವಾರದಲ್ಲಿ, ಬೆರಳಿನ ಪರೀಕ್ಷೆ ಮಾಡಿ, ಕೆಳಗಿಂದ ಡೈ ಹಾಕಿ ಎಕ್ಸ್‌ರೇಯೋ ಸಿಟಿಯೋ ತೆಗೆದು, ಸೋರಿಕೆ ಇಲ್ಲ ಅಂತ ಖಾತ್ರಿಯಾದ ಮೇಲೆ ಮುಚ್ಚುತ್ತಾರೆ. ಮತ್ತೆ ಕೀಮೋ ಬೇಕಾದರೆ ಅದು ಮುಗಿಯುವವರೆಗೆ ಮುಂದಕ್ಕೆ ಹೋಗಬಹುದು. ಕೆಲವರಿಗೆ ಮುಚ್ಚಲು ಆಗುವುದೇ ಇಲ್ಲ, ಅದನ್ನು ಮುಚ್ಚಿಡುವುದಿಲ್ಲ, ಆದರೆ ಅಂಥವರು ಕಮ್ಮಿ.

ಈ ಬ್ಯಾಗಿನ ದೊಡ್ಡ ಶತ್ರು ಸೋರಿಕೆ ಅಲ್ಲ, ನೀರು ಕಮ್ಮಿಯಾಗುವುದು. ಮುಂಬೈಯ ಸೆಕೆಯಲ್ಲಂತೂ ಕೇಳಲೇಬೇಡಿ. ದಿನಕ್ಕೆ ಒಂದೂವರೆ ಲೀಟರಿಗಿಂತ ಜಾಸ್ತಿ ಬಂದರೆ ಡಾಕ್ಟರಿಗೆ ಫೋನ್ ಮಾಡಿ. ಬರೀ ನೀರು ಲೋಟಗಟ್ಟಲೆ ಕುಡಿಸಿದರೆ ಉಪ್ಪು ಇನ್ನೂ ತೊಳೆದುಹೋಗುತ್ತದೆ, ಓಆರ್‌ಎಸ್ ಕೊಡಿ, ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಅನ್ನ, ಗಟ್ಟಿ ಗಂಜಿ, ಬಾಳೆಹಣ್ಣು ಸರಿ. ಜೋಳದ ರೊಟ್ಟಿ ಗದಗಿನವರಿಗೆ ಬಿಡುವುದು ಕಷ್ಟ, ಗೊತ್ತು, ಮೊದಲ ಕೆಲವು ವಾರ ತಡೆಯಿರಿ. ಮೆಕ್ಕೆಜೋಳದ ಕಾಳು, ಹಸಿ ತರಕಾರಿಯೂ ಬೇಡ, ಹೊಟ್ಟೆಯ ಮೇಲೆ ತಂದ ಕರುಳಿನ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಶುಗರ್ ಮಾತ್ರೆ ಬಗ್ಗೆ ಕೇಳಿಕೊಳ್ಳಿ, ನೀರು ಕಮ್ಮಿಯಾದಾಗ ಕೆಲವು ಮಾತ್ರೆಗಳು ತೊಂದರೆ ಕೊಡುತ್ತವೆ. ಬ್ಯಾಗ್ ಹಾಕುವುದನ್ನು ಡಿಸ್ಚಾರ್ಜಿಗೆ ಮುಂಚೆ ಅಪ್ಪನ ಕೈಯಲ್ಲೇ ಮಾಡಿಸಿ. ನಾಚಿಕೆಯಿಂದ ಎಲ್ಲ ಅಮ್ಮನ ಮೇಲೆ ಬಿಡುವವರೇ ಹೆಚ್ಚು, ಅಲ್ವಾ? ಪರೇಲಿನ ಟಾಟಾ ಮೆಮೋರಿಯಲ್‌ನಲ್ಲಿ ಇದಕ್ಕೇ ಸ್ಟೋಮಾ ಕ್ಲಿನಿಕ್ ಇದೆ, ನಿಮ್ಮ ಆಸ್ಪತ್ರೆಯಲ್ಲೂ ಇರಬಹುದು, ವಿಚಾರಿಸಿ.

ಆರನೇ ದಿನ ಜ್ವರ ಇಲ್ಲ ಅಂದಿರಿ, ಒಳ್ಳೆಯದು. ಆದರೂ ಎರಡು ವಾರ ಕಣ್ಣಿಡಿ. ಜ್ವರಕ್ಕಿಂತ ಮೊದಲು ನಾಡಿ ಓಡುತ್ತದೆ; ಸುಮ್ನೆ ಮಲಗಿದ್ದಾಗಲೂ ನೂರರ ಮೇಲೆ ಇದ್ದರೆ ಹೇಳಿ. ಹೊಟ್ಟೆ ಉಬ್ಬರ, ಮತ್ತೆ ಶುರುವಾದ ಬಿಕ್ಕಳಿಕೆ, ಕಟಿಯಲ್ಲಿ ಆಳದ ನೋವು, ಮೂತ್ರ ಕಟ್ಟುವುದು, ಹೊಟ್ಟೆಯಿಂದ ನೀರು ಹೊರಬರಲು ಇಟ್ಟ ಟ್ಯೂಬಿನಲ್ಲಿ ಕೀವಿನಂಥ ನೀರು, ಇವು ಗಂಟೆ ನೋಡಿ ಕಾಯುವ ವಿಷಯ ಅಲ್ಲ. ಒಳಗಿನ ಉರಿಯೂತ ತೋರಿಸುವ ರಕ್ತದ ಸಿಆರ್‌ಪಿ ಮೂರು ನಾಲ್ಕನೇ ದಿನದ ನಂತರವೂ 150ಕ್ಕಿಂತ ಮೇಲೇ ಉಳಿದರೆ ಸಿಟಿ ಮಾಡಿ ನೋಡುತ್ತಾರೆ. ಕೆಳಗಿನಿಂದ ಲೋಳೆ ಬರುವುದು ಸಹಜ, ಬ್ಯಾಗ್ ಇದ್ದರೂ ಹೋಗಬೇಕು ಅನ್ನಿಸುವುದೂ ಸಹಜ. ದುರ್ವಾಸನೆಯ ಕೀವು ಸಹಜ ಅಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಯಾರು ಹೇಳಿದರೂ, ಊರಿನ ನರ್ಸ್ ಹೇಳಿದರೂ, ಸರ್ಜನ್ ಒಪ್ಪದೆ ಗುದದ್ವಾರದಿಂದ ಎನಿಮಾ, ಮಾತ್ರೆ, ಥರ್ಮಾಮೀಟರ್ ಏನೂ ಹಾಕಿಸಬೇಡಿ.

ಪಿನ್ನುಗಳ ಚಿಂತೆ ಬಿಡಿ. ಟೈಟಾನಿಯಂಗೆ ಅಯಸ್ಕಾಂತ ಅಂಟುವುದಿಲ್ಲ, ಎಂಆರ್‌ಐ ಮಾಡಿಸಬಹುದು, ಮಾಡುವ ಮೊದಲು ಹೇಳಿದರೆ ಸಾಕು. ಎಕ್ಸ್‌ರೇಯಲ್ಲಿ ಚುಕ್ಕಿ ಚುಕ್ಕಿಯ ಉಂಗುರ ಕಾಣುತ್ತದೆ, ಯಾರೂ ಗಾಬರಿಯಾಗಬೇಡಿ.

ಬ್ಯಾಗ್ ಮುಚ್ಚಿದ ಮೇಲೆ ಮೊದಲ ತಿಂಗಳುಗಳು ಸುಖದ್ದಲ್ಲ ಅಂತ ಈಗಲೇ ಅಪ್ಪನಿಗೆ ಹೇಳಿಡಿ. ಮಲ ಹಿಡಿದಿಡುವ ಚೀಲವೇ ಹೋಗಿರುವುದರಿಂದ ದಿನಕ್ಕೆ ಹತ್ತು ಸಲ ಓಡಬೇಕಾಗಬಹುದು, ಲೋಕಲ್ ಟ್ರೇನಿನಲ್ಲಿ ಠಾಣೆ ದಾಟುವುದೂ ಧೈರ್ಯದ ಕೆಲಸ ಅನ್ನಿಸಬಹುದು. ವರ್ಷದೊಳಗೆ ಬಹಳಷ್ಟು ಸುಧಾರಿಸುತ್ತದೆ, ಔಷಧಿ, ವ್ಯಾಯಾಮ ಎರಡೂ ಇವೆ. ಜೋಡಣೆಯ ಜಾಗ ಕಿರಿದಾಗಿದ್ದರೆ ಬೆರಳಲ್ಲೋ ಬಲೂನಿನಲ್ಲೋ ಅಗಲ ಮಾಡುತ್ತಾರೆ.

ಊರಿಗೆ? ಡಿಸ್ಚಾರ್ಜ್ ಆಗಿ, ಪೆಥಾಲಜಿ ರಿಪೋರ್ಟ್ ಕೈಗೆ ಬಂದು, ಮೊದಲ ಚೆಕಪ್ಪಿನಲ್ಲಿ ಡಾಕ್ಟರು ಸರಿ ಅಂದ ಮೇಲೆ. ಅಂದರೆ ಸುಮಾರು ಮೂರು ನಾಲ್ಕು ವಾರ ಇಟ್ಟುಕೊಳ್ಳಿ. ಕಲ್ಯಾಣದಲ್ಲಿ ಗದಗ ಕಡೆಯ ರೈಲು ಹತ್ತಿದರೆ ರಾತ್ರಿಯಿಡೀ ಪ್ರಯಾಣ, ಕೆಳಗಿನ ಬರ್ತ್ ಮಾಡಿಸಿ, ಶೌಚಾಲಯದ ಹತ್ತಿರದ ಕಡೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಬೇಕಾದ್ದಕ್ಕಿಂತ ಎರಡು ಪಟ್ಟು ಬ್ಯಾಗ್, ಓಆರ್‌ಎಸ್ ಪೊಟ್ಟಣ, ಆಪರೇಶನ್ ನೋಟ್‌ನ ಜೆರಾಕ್ಸ್ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನಲ್ಲಿ ಬೇಡ. ಗದಗ ಅಥವಾ ಹುಬ್ಬಳ್ಳಿಯಲ್ಲಿ ಬ್ಯಾಗ್ ಎಲ್ಲಿ ಸಿಗುತ್ತದೆ, ರಾತ್ರಿ ತೊಂದರೆಯಾದರೆ ಯಾವ ಸರ್ಜನ್ ಹತ್ತಿರ ಹೋಗಬೇಕು ಅನ್ನುವುದನ್ನು ಇಲ್ಲಿಂದ ಹೊರಡುವ ಮೊದಲೇ ಫೋನ್ ಮಾಡಿ ಗೊತ್ತುಮಾಡಿಕೊಳ್ಳಿ.